ಟೂ ಪೋಸ್ಟ್ ಲಿಫ್ಟ್: ಒಂದು ಕಂಬದ ಬೋಲ್ಟ್ ಬಿಗಿಯಾಗುತ್ತಿಲ್ಲ, ಮೋಟರ್ ಹಾಕಿದರೆ ಎಂಸಿಬಿ ಟ್ರಿಪ್ (ಪುಣೆ)

ಕೊತ್ರೂಡ್ ಗ್ಯಾರೇಜ್:

ಎಲ್ಲರಿಗೂ ನಮಸ್ಕಾರ. ಪುಣೆಯ ಕೊತ್ರೂಡ್‌ನಲ್ಲಿ ನಮ್ಮದು ಹಳೆಯ ರೋ ಹೌಸ್. ಕೆಳಗಿನ ಗ್ಯಾರೇಜಿನಲ್ಲಿ ಈಗಷ್ಟೇ 4 ಟನ್ನಿನ ಟೂ ಪೋಸ್ಟ್ ಲಿಫ್ಟ್ (ಎರಡು ಕಂಬದ ನಡುವೆ ತೋಳುಗಳ ಮೇಲೆ ಕಾರು ಎತ್ತುವ ಯಂತ್ರ) ಕೂರಿಸಿದ್ದಾರೆ. ಮೇಲೆ ಅಡ್ಡ ತೊಲೆ ಇಲ್ಲ, ಕೇಬಲ್ ಮತ್ತು ಹೋಸ್ ನೆಲದ ಪ್ಲೇಟಿನ ಕೆಳಗೆ ಹೋಗುವ ಮಾದರಿ. ಮನೆಯ ಸ್ವಿಫ್ಟ್ ಮತ್ತು ಅಣ್ಣನ ಇನೋವಾ ಕ್ರಿಸ್ಟಾ ಎರಡರ ಕೆಲಸವನ್ನೂ ನಾವೇ ಮಾಡಿಕೊಳ್ಳಬೇಕು ಅಂತ ಆಸೆ.

ತೊಂದರೆ ಮೂರು ಇವೆ. ಮೊದಲನೆಯದು ಬೋಲ್ಟಿನದ್ದು. ಪ್ರತಿ ಕಂಬಕ್ಕೆ 5 ಆ್ಯಂಕರ್ ಬೋಲ್ಟ್, 18 ಮಿಮೀ ದಪ್ಪ, 160 ಮಿಮೀ ಉದ್ದ. 120 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ಬಿಗಿಯುವ ತಿರುಚು ಬಲ, ಕೊಡಿ ಅಂತ ಮ್ಯಾನುಯಲ್‌ನಲ್ಲಿದೆ. ಬಲಗಡೆ ಕಂಬದಲ್ಲಿ ಗೋಡೆ ಕಡೆಯ ಎರಡು ಬೋಲ್ಟ್ ಎಷ್ಟು ತಿರುಗಿಸಿದರೂ ರೆಂಚ್ ಕ್ಲಿಕ್ ಅನ್ನುವುದಿಲ್ಲ, ಸುಮ್ನೆ ಸುತ್ತುತ್ತವೆ. ಸ್ವಿಫ್ಟನ್ನು ಎರಡಡಿ ಎತ್ತಿ ನೋಡಿದೆವು. ಆ ಕಂಬ ಒಳಗೆ ವಾಲಿತು. ಗೋಡೆ ಕಡೆ ಪ್ಲೇಟಿನ ಕೆಳಗೆ ನಾಣ್ಯ ತೂರುವಷ್ಟು ಸಂದು ಬಿಟ್ಟಿತು. ಕೂಡಲೇ ಇಳಿಸಿದೆವು.

ಎರಡನೆಯದು, ಮೋಟರ್ 2.2 ಕಿಲೋವ್ಯಾಟ್, ಸಿಂಗಲ್ ಫೇಸ್. ಬಟನ್ ಒತ್ತಿದರೆ ಎಷ್ಟೋ ಸಲ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತದೆ. ಮೂರನೆಯದು, ಎತ್ತಿದ ಕಾರು ಕೆಳಗೆ ಜಾರದಂತೆ ಕಂಬದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಿಡಿಯುವ ಲಾಕ್‌ನದ್ದು. ಎಡಗಡೆ ಲಾಕ್ ಮೊದಲು ಟಕ್ ಅನ್ನುತ್ತದೆ, ಬಲಗಡೆಯದು ಆಮೇಲೆ.

ಕೂರಿಸಿದವರು 20 ಮಿಮೀ ಬೋಲ್ಟ್ ತಂದು ಹಾಕುತ್ತೇವೆ, ಸರಿಹೋಗುತ್ತದೆ ಅನ್ನುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ನೆಲ ಶಹಾಬಾದಿ ಫರ್ಶಿ (ಹಾಸುಗಲ್ಲು). ಅದರ ಕೆಳಗೆ ಏನಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಭೋಸರಿ ಪಾನಾ:

ಮೊದಲು ಒಂದು ಮಾತು ಸರ್. ಇನ್ನು ಆ ಲಿಫ್ಟ್ ಮೇಲೆ ಯಾವ ಕಾರನ್ನೂ ಹತ್ತಿಸಬೇಡಿ. ಒಂದಡಿಯೂ ಬೇಡ, ಬರೀ ಇಂಜಿನ್ ಕೂಡ ಬೇಡ. ಮೇನ್ ಸ್ವಿಚ್ ಆಫ್ ಮಾಡಿ, ಮನೆಯ ಮಕ್ಕಳಿಗೂ ಹೇಳಿಡಿ.

ನಾನು ಭೋಸರಿಯಲ್ಲಿ ಗ್ಯಾರೇಜ್ ನಡೆಸುತ್ತೇನೆ, ಮೂಲ ಕುಂದಾಪುರ. ಲಿಫ್ಟ್ ಕೆಳಗೇ ನನ್ನ ದುಡಿಮೆ. ಬೋಲ್ಟ್ ಸುತ್ತುತ್ತಿದೆ ಅಂದರೆ ನಾನು ಬೋಲ್ಟ್ ನೋಡುವುದಿಲ್ಲ, ತೂತು ನೋಡುತ್ತೇನೆ. ತೂತು ಕೊರೆಯುವಾಗ ಬಂದ ಪುಡಿಯ ಬಣ್ಣ ನೆನಪಿದೆಯಾ? ಕೊನೆಯವರೆಗೂ ಬೂದು ಬಣ್ಣವೇ ಇತ್ತಾ, ನಡುವೆ ಬದಲಾಯಿತಾ? ಡ್ರಿಲ್ ಒಮ್ಮೆಗೇ ಒಳಗೆ ಜಾರಿತಾ? ಸುತ್ತುತ್ತಿರುವ ಬೋಲ್ಟ್ ಕಿತ್ತು ಬಂದರೆ ತೂತಿನೊಳಗೆ ತಂತಿ ಬಿಟ್ಟು ಆಳ ಅಳೆದು ಹೇಳಿ.

ಕೊತ್ರೂಡ್ ಗ್ಯಾರೇಜ್:

ಒಂದು ಬೋಲ್ಟ್ ಕೈಯಲ್ಲೇ ಎದ್ದು ಬಂತು. ಮೊದಲು ಫರ್ಶಿಯ ಬೂದು ಪುಡಿ, ಆಮೇಲೆ ಮರಳು ಮರಳಾದ ಪುಡಿ, ಆಮೇಲೆ ಸ್ವಲ್ಪ ಗಟ್ಟಿ. ಕೊನೆಗೆ ಡ್ರಿಲ್ ಧಸಕ್ಕನೆ ಇಳಿಯಿತು, ಕೆಂಪು ಮಣ್ಣು ಬಂತು. ತಂತಿ ಬಿಟ್ಟು ನೋಡಿದೆ. ಫರ್ಶಿಯ ಮೇಲಿನಿಂದ 130 ಮಿಮೀಗೆ ಕಾಂಕ್ರೀಟ್ ಮುಗಿಯುತ್ತದೆ. ಫರ್ಶಿಯ ಮೇಲೆ ಬೆರಳಿನಿಂದ ತಟ್ಟಿದರೆ ಎರಡು ಕಡೆ ಟೊಳ್ಳು ಸದ್ದು.

ವಾಕಡ್ ವೀಕೆಂಡ್:

ಕೆಮಿಕಲ್ ಆ್ಯಂಕರ್ ಹಾಕಿದರೆ ಆಗುವುದಿಲ್ವಾ? ರಾಳ ತುಂಬಿ ಸ್ಟಡ್ ಇಳಿಸಿದರೆ ಕಲ್ಲಿನ ಹಾಗೆ ಹಿಡಿಯುತ್ತದೆ. ಬೇಕಿದ್ದರೆ ಕಂಬದ ಕೆಳಗೆ ಅಗಲವಾದ ದಪ್ಪ ಸ್ಟೀಲ್ ಪ್ಲೇಟ್ ಕೊಟ್ಟರೆ ತೂಕ ಹಂಚಿಹೋಗುತ್ತದೆ. ನೆಲ ಒಡೆಯುವ ರಗಳೆ ಉಳಿಯುತ್ತದೆ.

ಹುಬ್ಬಳ್ಳಿ ಸಿವಿಲ್:

ವಾಕಡ್ ಅವರೇ, ರಾಳ ಕಾಂಕ್ರೀಟಿಗೆ ಅಂಟಿಕೊಳ್ಳುತ್ತದೆ ನಿಜ. ಆದರೆ ಕಾಂಕ್ರೀಟೇ ಗಟ್ಟಿ ಇಲ್ಲದಿದ್ದರೆ ಸ್ಟಡ್ಡಿನ ಜತೆ ಅದೂ ಕಿತ್ತು ಬರುತ್ತದೆ. ಇಲ್ಲಿ ಇರುವುದು ಏನು ನೋಡಿ. 25 ಮಿಮೀ ಫರ್ಶಿ, ಅದರ ಕೆಳಗೆ 30ರಿಂದ 40 ಮಿಮೀ ಗಾರೆ, ಉಳಿದ 65-75 ಮಿಮೀ ಪಿಸಿಸಿ (ಸರಳಿಲ್ಲದ ಸಾದಾ ಕಾಂಕ್ರೀಟ್). ಪುಣೆಯ ಹಳೆಯ ಮನೆಗಳಲ್ಲಿ ಮುರುಮ್ (ಒರಟು ಜಲ್ಲಿಮಣ್ಣು) ತುಂಬಿ, ದಮ್ಮಸ್ ಮಾಡಿ (ಬಡಿದು ಗಟ್ಟಿ ಮಾಡಿ), ಸಿಮೆಂಟ್, ಮರಳು, ಜಲ್ಲಿ 1:4:8ರ ಪಿಸಿಸಿ ಹಾಸಿ ಫರ್ಶಿ ಕೂರಿಸುವುದು ಸಾಮಾನ್ಯ. ನಡೆದಾಡಲು, ಕಾರು ನಿಲ್ಲಿಸಲು ಅಷ್ಟು ಸಾಕು. ಅದರೊಳಗೆ ಸರಳು ಇರುವುದಿಲ್ಲ. ಬೋಲ್ಟ್ ಎಳೆದು ಹಿಡಿಯಲಿ ಅಂತ ಯಾರೂ ಅದನ್ನು ಹಾಕುವುದಿಲ್ಲ. ಶಹಾಬಾದಿ ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು, ಒಳ್ಳೆಯ ಕಲ್ಲೇ. ಆದರೆ ಗಾರೆಯ ಮೇಲೆ ಕೂತ ಹಾಸುಗಲ್ಲನ್ನು ಬೋಲ್ಟಿನ ಆಳದಲ್ಲಿ ಲೆಕ್ಕ ಹಿಡಿಯುವ ಹಾಗಿಲ್ಲ. ನಿಮ್ಮ ವೆಡ್ಜ್ ಬೋಲ್ಟಿನಲ್ಲಿ ಹಿಗ್ಗಿ ಹಿಡಿಯುವ ಭಾಗ ಇರುವುದು ತುದಿಯಲ್ಲಿ. ಆ ತುದಿ ಈಗ ಪಿಸಿಸಿಯ ತಳದಂಚಿನಲ್ಲಿದೆ, ಅದರ ಕೆಳಗೆ ಬರೀ ಮುರುಮ್.

ಟೂ ಪೋಸ್ಟ್‌ನಲ್ಲಿ ಭಾರ ಕಂಬದ ನೆತ್ತಿಯ ಮೇಲೆ ಕೂರುವುದಿಲ್ಲ ರೀ. ಒಳಗೆ ಚಾಚಿದ ತೋಳಿನ ಮೇಲೆ ಕೂರುತ್ತದೆ. ಹಾಗಾಗಿ ಎರಡೂ ಕಂಬಗಳು ಸದಾ ಒಳಗೆ ಬಾಗಲು ನೋಡುತ್ತವೆ, ಗೋಡೆ ಕಡೆಯ ಬೋಲ್ಟುಗಳು ಮೇಲಕ್ಕೆ ಎಳೆಸಿಕೊಳ್ಳುತ್ತವೆ. ನಿಮ್ಮಲ್ಲಿ ಸುತ್ತಿದ್ದು ಸರಿಯಾಗಿ ಅವೇ ಎರಡು. ಅಂದಾಜು ಲೆಕ್ಕ ಹಾಕೋಣ. ಇನೋವಾ ಕ್ರಿಸ್ಟಾ 1800 ಕೆಜಿ ಆಸುಪಾಸು, ಒಂದು ಕಂಬಕ್ಕೆ 900. ರಬ್ಬರ್ ಪ್ಯಾಡ್ ಬೇಸ್ ಪ್ಲೇಟಿನ ಒಳ ಅಂಚಿನಿಂದ 700 ಮಿಮೀ ಆಚೆ, ಗೋಡೆ ಕಡೆಯ ಬೋಲ್ಟ್ ಅದೇ ಅಂಚಿನಿಂದ 350 ಮಿಮೀ ಈಚೆ ಅಂತ ಇಟ್ಟುಕೊಳ್ಳಿ. ಎಳೆತ ಎರಡು ಪಟ್ಟಾಯಿತು, 1800 ಕೆಜಿ. ಕಂಬದ ಸ್ವಂತ ತೂಕ ಕಳೆದರೂ ಎರಡು ಬೋಲ್ಟಿನ ಮೇಲೆ ಹೆಚ್ಚೂಕಡಿಮೆ ಒಂದು ಇಡೀ ಕಾರು ನೇತಾಡಿದ ಹಾಗೆ. ಇಂಜಿನ್ ಇಳಿಸಲು ಜಗ್ಗಿದರೆ, ಬಿಗಿದ ನಟ್ಟಿಗೆ ಉದ್ದ ರಾಡ್ ಹಾಕಿ ಎಳೆದರೆ ಇನ್ನೂ ಜಾಸ್ತಿ. ಇದನ್ನು 70 ಮಿಮೀ ಪಿಸಿಸಿ ತಡೆಯುವುದಿಲ್ಲ. 20 ಮಿಮೀ ಬೋಲ್ಟ್ ಹಾಕಿದರೂ ಇಲ್ಲ, 24 ಹಾಕಿದರೂ ಇಲ್ಲ. ಸ್ಟೀಲ್ ಪ್ಲೇಟ್ ಕೆಳಗೆ ಒತ್ತುವ ಭಾರವನ್ನು ಹಂಚುತ್ತದೆ, ಮೇಲೆ ಎಳೆಯುವುದನ್ನು ತಡೆಯಲು ಅದಕ್ಕೂ ಬೋಲ್ಟೇ ಬೇಕಲ್ವಾ?

ನೆಲ ಒಡೆಯಲೇಬೇಕು. ಬೇರೆ ದಾರಿ ಇದ್ದಿದ್ದರೆ ಖಂಡಿತ ಹೇಳುತ್ತಿದ್ದೆ.

ನನ್ನ ಸಲಹೆ, ಎರಡು ಕಂಬಕ್ಕೆ ಎರಡು ಬೇರೆ ಬೇರೆ ಗುಂಡಿ ತೋಡಬೇಡಿ. ಎರಡನ್ನೂ ಸೇರಿಸಿ ಒಂದೇ ಪಟ್ಟಿ ಹಾಕಿ. ಉದ್ದ 4 ಮೀಟರ್, ಅಗಲ 1.5 ಮೀಟರ್, ದಪ್ಪ 300 ಮಿಮೀ. ಎಡಗಂಬ ಬಲಕ್ಕೆ ಬಾಗುತ್ತದೆ, ಬಲಗಂಬ ಎಡಕ್ಕೆ. ಒಂದೇ ಪಟ್ಟಿಯ ಮೇಲಿದ್ದರೆ ಆ ಎರಡು ಬಾಗುಗಳು ಕಾಂಕ್ರೀಟಿನೊಳಗೇ ಒಂದನ್ನೊಂದು ತಡೆಯುತ್ತವೆ, ಮಣ್ಣಿನ ತನಕ ಹೋಗುವುದೇ ಕಡಿಮೆ. ಜತೆಗೆ ಪಟ್ಟಿಯ ತೂಕವೇ 4 ಟನ್ ದಾಟುತ್ತದೆ. 1.8 ಘನ ಮೀಟರ್ ಕಾಂಕ್ರೀಟ್ ಬೇಕು, ಎಂ25 ದರ್ಜೆಯದು. ಕೈಯಲ್ಲಿ ಕಲಸಿ ಎಂ25 ಅಂತ ಕರೆಯುವುದಕ್ಕಿಂತ ಆರ್‌ಎಂಸಿ (ಕಾರ್ಖಾನೆಯಲ್ಲೇ ಕಲಸಿದ ಸಿದ್ಧ ಕಾಂಕ್ರೀಟ್) ತರಿಸುವುದು ನಂಬಿಕೆಯ ದಾರಿ. ಸರಳು 12 ಮಿಮೀ, 150 ಮಿಮೀ ಅಂತರದಲ್ಲಿ, ಮೇಲೊಂದು ಜಾಳಿ ಕೆಳಗೊಂದು ಜಾಳಿ, ಸುತ್ತ 50 ಮಿಮೀ ಕವರ್ (ಸರಳಿನ ಹೊರಗೆ ಕಾಂಕ್ರೀಟಿನ ಹೊದಿಕೆ). ತಳದ ಮಣ್ಣು ಚೆನ್ನಾಗಿ ದಮ್ಮಸ್ ಆಗಬೇಕು. ಕಪ್ಪು ಎರೆಮಣ್ಣು ಸಿಕ್ಕರೆ ತೆಗೆದು ಮುರುಮ್ ತುಂಬಿ. ಕೊತ್ರೂಡ್ ಬೆಟ್ಟದ ಮಗ್ಗುಲಲ್ಲಿದೆ, ಹಾಗಾಗಿ ಗಟ್ಟಿ ಮುರುಮ್ ಸಿಗುವ ಸಾಧ್ಯತೆ ಜಾಸ್ತಿ. ಗೋಡೆಯ ಪಾಯದ ಕೆಳಗೆ ಮಾತ್ರ ತೋಡಬೇಡಿ. ಪಾಯ ಕಂಡರೆ ಕೆಲಸ ನಿಲ್ಲಿಸಿ, ಹತ್ತಿರದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಈ ಅಳತೆಗಳನ್ನೂ ಅವರ ಕಣ್ಣಿಗೆ ಹಾಕಿಯೇ ಮುಂದುವರಿಯಿರಿ. ನಾನು ನಿಮ್ಮ ನೆಲ ನೋಡಿಲ್ಲ.

ಇನ್ನೊಂದು ವಿಷಯ, ಗೌಂಡಿಗಳು ಇದನ್ನು ಕೇಳುವುದಿಲ್ಲ, ನೀವೇ ನಿಂತು ಮಾಡಿಸಬೇಕು. ಬೇಸ್ ಪ್ಲೇಟಿನ ತೂತುಗಳನ್ನು ಪ್ಲೈವುಡ್ ಹಲಗೆಯ ಮೇಲೆ ಗುರುತು ಮಾಡಿ, ಆ ಹಲಗೆಯನ್ನು ಸರಳಿನ ಜಾಳಿಯ ಮೇಲೆ ಹಿಡಿಯಿರಿ. ಬೋಲ್ಟ್ ಬರುವ ಜಾಗದಲ್ಲಿ ಸರಳು ಇದ್ದರೆ ಪಕ್ಕಕ್ಕೆ ಸರಿಸಿ ಕಟ್ಟಿಸಿ. ಇಲ್ಲದಿದ್ದರೆ ಆಮೇಲೆ ಡ್ರಿಲ್ ಸರಳಿಗೆ ತಾಗಿ ನಿಲ್ಲುತ್ತದೆ, ತೂತು ಓರೆಯಾಗುತ್ತದೆ.

ಕ್ಯೂರಿಂಗ್ ಬಗ್ಗೆ ಅವಸರ ಬೇಡ. ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಒಪಿಸಿ ಅಂದರೆ ಸಾದಾ ಸಿಮೆಂಟಿಗೆ ಕಡಿಮೆ ಅಂದರೂ 7 ದಿನ ನೀರು, ಪಿಪಿಸಿ ಅಂದರೆ ಹಾರುಬೂದಿ ಥರದ್ದು ಬೆರೆತ ಸಿಮೆಂಟಿಗೆ 10 ದಿನ. ಗೋಣಿಚೀಲ ಹಾಸಿ ಒದ್ದೆ ಇಡಿ. ಡ್ರಿಲ್ ಮಾಡುವುದು 28 ದಿನ ಆದ ಮೇಲೇ. ಎಂ25 ಅಂದರೆ 28 ದಿನಕ್ಕೆ ಚದರ ಮಿಮೀಗೆ 25 ನ್ಯೂಟನ್ ತಡೆಯುವ ಕಾಂಕ್ರೀಟ್. ಎರಡು ವಾರಕ್ಕೇ ಬೋಲ್ಟ್ ಬಿಗಿದರೆ ಆ ಬಲ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಕೊತ್ರೂಡ್ ಗ್ಯಾರೇಜ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಎರಡು ಪ್ರಶ್ನೆ. ಎಡಗಂಬದ ಐದೂ ಬೋಲ್ಟ್ 120ಕ್ಕೆ ಬಿಗಿಯಾಗಿವೆ, ಅದನ್ನೂ ಕೀಳಬೇಕಾ? ಇದನ್ನು ಕೊಟ್ಟು ಫೋರ್ ಪೋಸ್ಟ್ ತೆಗೆದುಕೊಂಡರೆ ನೆಲ ಒಡೆಯುವುದು ತಪ್ಪುತ್ತದಾ?

ಹುಬ್ಬಳ್ಳಿ ಸಿವಿಲ್:

ಕೀಳಲೇಬೇಕು. ಅದೇ ನೆಲ, ಅದೇ ಪಿಸಿಸಿ. ಖಾಲಿ ಇದ್ದಾಗ ಬಿಗಿ ಅನ್ನಿಸಿದ್ದು ಭಾರ ಬಿದ್ದಾಗಲೂ ಬಿಗಿ ಇರುತ್ತದೆ ಅಂತಲ್ಲ. ಫೋರ್ ಪೋಸ್ಟ್‌ನಲ್ಲಿ ಭಾರ ನಾಲ್ಕು ಕಾಲಿನ ಮೇಲೆ ನೇರ ಕೆಳಗೆ ಇಳಿಯುತ್ತದೆ, ಬೋಲ್ಟಿನ ಮೇಲೆ ಎಳೆತ ತೀರಾ ಕಡಿಮೆ. ನೆಲದ ವಿಷಯದಲ್ಲಿ ಅದು ಸುಲಭ. ಆದರೆ ಅದರಲ್ಲಿ ಕಾರು ಚಕ್ರದ ಮೇಲೇ ನಿಲ್ಲುತ್ತದೆ, ಚಕ್ರ ನೇತಾಡುವುದಿಲ್ಲ. ಬ್ರೇಕ್, ಸಸ್ಪೆನ್ಶನ್ ಕೆಲಸಕ್ಕೆ ನಡುವೆ ಬೇರೆ ಜ್ಯಾಕ್ ಬೇಕು. ಜಾಗವೂ ಜಾಸ್ತಿ ತಿನ್ನುತ್ತದೆ. ಟೊಳ್ಳು ಫರ್ಶಿಯ ಮೇಲೆ ಅದನ್ನೂ ನಿಲ್ಲಿಸಬಾರದು.

ವಾಕಡ್ ವೀಕೆಂಡ್:

ಒಪ್ಪಿದೆ ಸರ್, ಬೋಲ್ಟಿನ ಎಳೆತದ ಲೆಕ್ಕ ನನಗೆ ಗೊತ್ತಿರಲಿಲ್ಲ. ಹಾಗಾದರೆ ನಮ್ಮ ಅಪಾರ್ಟ್‌ಮೆಂಟಿನ ಪೋಡಿಯಂ ಪಾರ್ಕಿಂಗ್‌ನಲ್ಲಿ?

ಹುಬ್ಬಳ್ಳಿ ಸಿವಿಲ್:

ಬೇಡವೇ ಬೇಡ. ಅದು ಮಣ್ಣಿನ ಮೇಲೆ ಕೂತ ನೆಲ ಅಲ್ಲ, ಕೆಳಗೆ ಖಾಲಿ ಇರುವ ಸ್ಲ್ಯಾಬ್. ಕೆಲವು ಕಟ್ಟಡಗಳಲ್ಲಿ ಅದರೊಳಗೆ ಬಿಗಿದು ಎಳೆದ ಪೋಸ್ಟ್ ಟೆನ್ಶನ್ ಕೇಬಲ್ ಇರುತ್ತದೆ. ಒಂದನ್ನು ಡ್ರಿಲ್ ಕತ್ತರಿಸಿದರೆ ಇಡೀ ಸ್ಲ್ಯಾಬಿಗೆ ಪೆಟ್ಟು.

ಭೋಸರಿ ಪಾನಾ:

ಈಗ ಉಳಿದ ಎರಡಕ್ಕೆ ಬರೋಣ. ಎಂಸಿಬಿ ಯಾವುದು, ಅದರ ಮೇಲೆ ಏನು ಬರೆದಿದೆ? ಮೀಟರಿನಿಂದ ಗ್ಯಾರೇಜಿಗೆ ವೈರ್ ಎಷ್ಟು ಉದ್ದ?

ಕೊತ್ರೂಡ್ ಗ್ಯಾರೇಜ್:

ಬಿ16. ವೈರ್ 2.5 ಚದರ ಮಿಮೀ ತಾಮ್ರ, ಸುಮಾರು 25 ಮೀಟರ್.

ಭೋಸರಿ ಪಾನಾ:

ಅಲ್ಲೇ ಇದೆ ನೋಡಿ. ಬಿ ಟೈಪ್ ಎಂಸಿಬಿ ತನ್ನ ರೇಟಿಂಗಿನ (ನಿಮ್ಮದು 16 ಆಂಪ್) 3ರಿಂದ 5 ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ, ಅಂದರೆ 48ರಿಂದ 80 ಆಂಪ್. ಈ ಮೋಟರ್ ಓಡುವಾಗ 14-15 ಆಂಪ್ ತಿನ್ನಬಹುದು, ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಬಿ ಟೈಪ್ ಇರುವುದು ದೀಪ, ಗೀಸರ್ ಥರದ ಲೋಡಿಗೆ. ಮೋಟರಿಗೆ ಸಿ ಟೈಪ್ ಬೇಕು, ಅದು ತಕ್ಷಣ ಬೀಳುವುದು 5ರಿಂದ 10 ಪಟ್ಟಿಗೆ. ಅದೂ ಸಾಲದಿದ್ದರೆ ಡಿ ಟೈಪ್.

ಆದರೆ ಬರೀ ಎಂಸಿಬಿ ಬದಲಿಸಿ ಸುಮ್ಮನಾಗಬೇಡಿ. 2.5ರ ವೈರ್ ಹೋಗಿ ಬರುವ 50 ಮೀಟರಿಗೆ ಸುಮಾರು 0.37 ಓಮ್. ಸ್ಟಾರ್ಟಿಂಗ್‌ನಲ್ಲಿ 60 ಆಂಪ್ ಹಿಡಿದರೆ 22 ವೋಲ್ಟ್ ವೈರಿನಲ್ಲೇ ಹೋಯಿತು. ಸಂಜೆ ವೋಲ್ಟೇಜ್ ಮೊದಲೇ ಇಳಿದಿದ್ದರೆ ಮೋಟರ್ ಬರೀ ಗುಂಯ್ ಅನ್ನುತ್ತದೆ, ವೈಂಡಿಂಗ್ ಸುಡುತ್ತದೆ. 6 ಚದರ ಮಿಮೀ ವೈರನ್ನು ಬೇರೆಯದಾಗಿ ಎಳೆಸಿ, 25 ಆಂಪ್ ಸಿ ಟೈಪ್ ಹಾಕಿಸಿ, ಅರ್ಥಿಂಗ್ ಸರಿ ಮಾಡಿಸಿ. ಈಗಿರುವ 2.5ರ ವೈರಿಗೆ 25ರ ಎಂಸಿಬಿ ಹಾಕಲೇಬಾರದು, ವೈರ್ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯ. ಮಹಾವಿತರಣದಲ್ಲಿ (ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿ) ನಿಮಗೆ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ.

ಲಾಕ್ ಒಂದರ ಹಿಂದೊಂದು ಬೀಳುವುದು ಸಮತೋಲನದ ಕೇಬಲ್ಲಿನ ಬಿಗಿ ಬೇರೆ ಬೇರೆ ಆದಾಗ. ಕಂಬ ವಾಲಿದ್ದರೂ ಹಾಗಾಗುತ್ತದೆ. ಅದಕ್ಕೇ ಈಗ ಮುಟ್ಟಬೇಡಿ. ಹೊಸ ನೆಲದಲ್ಲಿ ಕಂಬ ತೂಗುಗುಂಡಿಗೆ ನೇರ ನಿಂತ ಮೇಲೆ, ಎರಡೂ ಕ್ಯಾರೇಜನ್ನು (ತೋಳು ಹೊತ್ತು ಕಂಬದಲ್ಲಿ ಏರಿಳಿಯುವ ಭಾಗ) ಒಂದೇ ಮೆಟ್ಟಿಲಿನ ಲಾಕಿನಲ್ಲಿ ಕೂರಿಸಿ, ಆಮೇಲೆ ಕೇಬಲ್ ತುದಿಯ ನಟ್ ಸಮವಾಗಿ ಬಿಗಿಯಿರಿ.

ಎಣ್ಣೆ ಯಾವುದು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೈಡ್ರಾಲಿಕ್ ಆಯಿಲ್, ವಿಜಿ 32 ಅಥವಾ 46, ಮ್ಯಾನುಯಲ್ ಹೇಳಿದ್ದು. ಬ್ರೇಕ್ ಆಯಿಲ್ ಹಾಕಿದರೆ ಸೀಲ್‌ಗಳು ಹಾಳು. ಮತ್ತೆ, ಕಾರು ಎತ್ತಿದ ಮೇಲೆ ಎಣ್ಣೆಯ ಒತ್ತಡದ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡಿ. ಲಿವರ್ ಒತ್ತಿ ಇಳಿಸಿ ಎರಡೂ ಲಾಕಿನ ಮೇಲೆ ಕೂರಿಸಿಯೇ ಹೋಗಿ.

ಕೊತ್ರೂಡ್ ಗ್ಯಾರೇಜ್:

ಅಪ್‌ಡೇಟ್ ಹಾಕಲು ತಡವಾಯಿತು. ನೆಲ ಒಡೆಸಿದೆವು. ಗಾರೆಯ ಕೆಳಗಿನ ಪಿಸಿಸಿ ಕೆಲವು ಕಡೆ 50 ಮಿಮೀ ಕೂಡ ಇರಲಿಲ್ಲ. ಎಂಜಿನಿಯರ್ ಬಂದು ನೋಡಿ, ಸಿವಿಲ್ ಸರ್ ಹೇಳಿದ ಅಳತೆಯನ್ನೇ ಒಪ್ಪಿದರು. ತಳದಲ್ಲಿ ತೆಳು ಪಿಸಿಸಿ ಮಾತ್ರ ಸೇರಿಸಿ ಅಂದರು. ಪ್ಲೈವುಡ್ ಹಲಗೆ ಹಿಡಿದಾಗ ನಾಲ್ಕು ಬೋಲ್ಟಿನ ಜಾಗದಲ್ಲಿ ಸರಳು ಬಂದಿತ್ತು, ಸರಿಸಿ ಕಟ್ಟಿಸಿದೆವು. 28 ದಿನ ದಾಟಿದ ಮೇಲೆ ಡ್ರಿಲ್ ಮಾಡಿ, ಬ್ರಷ್ ಹಾಕಿ, ಗಾಳಿ ಹೊಡೆದು ಪುಡಿ ತೆಗೆದು ಬೋಲ್ಟ್ ಇಳಿಸಿದೆವು. ಹತ್ತೂ ಬೋಲ್ಟ್ 120ಕ್ಕೆ ಕ್ಲಿಕ್ ಅಂದವು. ವೈರ್, ಎಂಸಿಬಿ ಬದಲಾಗಿದೆ, ಈಗ ಟ್ರಿಪ್ ಇಲ್ಲ. ಲಾಕ್ ಎರಡೂ ಒಟ್ಟಿಗೆ ಬೀಳುತ್ತಿವೆ. ಸ್ವಿಫ್ಟ್ ಎತ್ತಿ ರಾತ್ರಿಯಿಡೀ ಲಾಕಿನ ಮೇಲೆ ಬಿಟ್ಟೆವು, ಪ್ಲೇಟಿನ ಕೆಳಗೆ ಒಂದು ಕಾಗದವೂ ತೂರುತ್ತಿಲ್ಲ.

ಇನೋವಾ ಎತ್ತುವ ಮುಂಚೆ ಏನಾದರೂ ನೋಡಬೇಕಾ? ಸೂರು 3 ಮೀಟರ್ ಇದೆ.

ಭೋಸರಿ ಪಾನಾ:

ತುಂಬಾ ಸಂತೋಷ ಆಯಿತು ಸರ್. ಸ್ವಿಫ್ಟ್ ಎತ್ತಿ ಇಳಿಸಿದ್ದೀರಲ್ಲ, ಈಗ ಹತ್ತೂ ಬೋಲ್ಟಿಗೆ ಮತ್ತೊಮ್ಮೆ ಟಾರ್ಕ್ ನೋಡಿ. ಆಮೇಲೆ ಮ್ಯಾನುಯಲ್ ಹೇಳಿದ ಅವಧಿಗೆ ತಪ್ಪದೆ ನೋಡುತ್ತಿರಿ.

ಸ್ವಿಫ್ಟಿಗೆ ಪ್ಯಾಡ್ ಇಡುವುದು ಬಾಗಿಲ ಕೆಳಗಿನ ಅಂಚಿನಲ್ಲಿ, ಜ್ಯಾಕ್ ಗುರುತಿರುವ ಕಡೆ. ಇನೋವಾ ಕ್ರಿಸ್ಟಾಗೆ ಹಾಗಲ್ಲ. ಅದು ಲ್ಯಾಡರ್ ಫ್ರೇಮ್ ಗಾಡಿ, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂತಿರುತ್ತದೆ, ಪ್ಯಾಡ್ ಚಾಸಿಸ್ ತೊಲೆಗೇ ತಾಗಬೇಕು. ಬಾಗಿಲ ಅಂಚಿಗೆ ಇಟ್ಟರೆ ಬಾಡಿ ನೆಗ್ಗುತ್ತದೆ, ಗಾಡಿ ಜಾರುತ್ತದೆ. ಪ್ಯಾಡ್ ಮೇಲೆ ಎತ್ತರ ಹೆಚ್ಚಿಸುವ ಅಡಾಪ್ಟರ್ ಬೇಕಾಗುತ್ತದೆ. ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಿ, ಬಂಪರ್ ಹಿಡಿದು ಅಲುಗಾಡಿಸಿ ನೋಡಿ, ಗಟ್ಟಿ ಅನ್ನಿಸಿದರೆ ಮಾತ್ರ ಮೇಲೆ. ಹಿಂದಿನ ಸೀಟಿನ ಲಗೇಜ್ ತೆಗೆದಿಡಿ, ಭಾರ ಹಿಂದಕ್ಕೆ ವಾಲಬಾರದು.

ಸೂರಿನ ಲೆಕ್ಕ ಇನ್ನೊಂದು. ಸ್ವಿಫ್ಟ್ 1530 ಮಿಮೀ ಎತ್ತರ, ಕ್ರಿಸ್ಟಾ 1795. ಚಕ್ರ ನೆಲದಿಂದ 1.2 ಮೀಟರ್ ಏಳುವ ಹೊತ್ತಿಗೆ ಕ್ರಿಸ್ಟಾದ ತಲೆ ಸೂರಿಗೆ ತಾಗುತ್ತದೆ. ನಿಮ್ಮ ಮಾದರಿಯಲ್ಲಿ ಮೇಲೆ ಅಡ್ಡ ತೊಲೆ ಇಲ್ಲ, ಹಾಗಾಗಿ ಕಾರಿನ ತಲೆ ತಾಗುವ ಮುಂಚೆ ಮೋಟರ್ ನಿಲ್ಲಿಸುವ ಪಟ್ಟಿಯೂ ಇರುವುದಿಲ್ಲ. ಕಡಿಮೆ ಅಂದರೂ 150 ಮಿಮೀ ಸಂದು ಉಳಿಯುವ ಲಾಕ್ ಮೆಟ್ಟಿಲು ಯಾವುದು ಅಂತ ಪ್ರತಿ ಗಾಡಿಗೂ ನೋಡಿ, ಕಂಬದ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಗಾಡಿಯ ಹೆಸರು ಬರೆಯಿರಿ. ಸೂರಿನಲ್ಲಿ ಬೀಮ್, ಫ್ಯಾನ್, ಟ್ಯೂಬ್‌ಲೈಟ್ ಇದ್ದರೆ ಅಳತೆ ಅದರ ಕೆಳಗಿನಿಂದ ಹಿಡಿಯಿರಿ.