ಬಾರ್ಜ್‌ಗೆ ‘ಸರಕುದೋಣಿ’ ಸಾಕಾ?

ಎಲ್ಲರಿಗೂ ನಮಸ್ಕಾರ.

ಕೇರಳದ ಕುಟ್ಟನಾಡಿನ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ ‘ರೈಸ್ ಬಾರ್ಜ್’ ಅಂತ ಬರುತ್ತದೆ, ಅಂದರೆ ಅಕ್ಕಿ ಸಾಗಿಸುವ ಚಪ್ಪಟೆ ತಳದ ದೋಣಿ. ಸುಮ್ನೆ ‘ಸರಕುದೋಣಿ’ ಅಂತ ಬರೆದು ಮುಂದೆ ಹೋದೆ. ಎರಡು ಪುಟ ಕಳೆಯುವಷ್ಟರಲ್ಲಿ ಸಿಕ್ಕಿಬಿದ್ದೆ. ಅದೇ ದೋಣಿಯಲ್ಲಿ ಈಗ ಎಸಿ ಕೋಣೆ, ಮಂಚ, ಕರಿಮೀನಿನ ಊಟ. ಸರಕು ಎಲ್ಲಿದೆ? ಪ್ರವಾಸಿಗರನ್ನೇ ಸರಕು ಅನ್ನಬೇಕಷ್ಟೆ!

ಅಲ್ಲಿಯವರ ಪದ ಕೆಟ್ಟುವಳ್ಳಂ. ‘ಕೆಟ್ಟು’ ಅಂದರೆ ನಮ್ಮ ಕಟ್ಟು, ‘ವಳ್ಳಂ’ ಅಂದರೆ ದೋಣಿ. ಆಂಜಿಲಿ, ಅಂದರೆ ನಮ್ಮ ಹೆಬ್ಬಲಸಿನ ಹಲಗೆಗಳನ್ನು ಒಂದು ಮೊಳೆಯನ್ನೂ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಅಕ್ಕಿ ಸಾಗಿಸುತ್ತಿದ್ದ ಈ ದೋಣಿಗಳು ಲಾರಿ ಬಂದ ಮೇಲೆ ಮೂಲೆ ಸೇರಿದವು. 1990ರ ದಶಕದಲ್ಲಿ ಬಿದಿರಿನ ಚಾವಣಿ ಹೊದ್ದು ಹೌಸ್‌ಬೋಟ್ ಆದವು. ಕಟ್ಟಿದ ರೀತಿಯಿಂದ ಬಂದ ಹೆಸರಲ್ವಾ, ಕೆಲಸ ಬದಲಾದರೂ ಅದು ಉಳಿಯಿತು. ನನ್ನ ‘ಸರಕುದೋಣಿ’ ಕೆಲಸ ನೋಡಿ ಇಟ್ಟ ಹೆಸರು. ಕೆಲಸ ಹೋಯಿತು, ಹೆಸರೂ ಹೋಯಿತು.

ಬೇರೆ ಕಡೆಯೂ ಇದೇ ಕಥೆ. ಫ್ರಾನ್ಸಿನ ಕಾಲುವೆಗಳಿಗೆ 1879ರ ಕಾನೂನು ಒಂದು ಅಳತೆ ಗೊತ್ತುಮಾಡಿತು. ಅದಕ್ಕೆ ಸರಿಯಾಗಿ ಕಟ್ಟಿದ ‘ಪೆನಿಶ್’ ಎಂಬ ಬಾರ್ಜ್ ಸುಮಾರು 38.5 ಮೀಟರ್ ಉದ್ದ, 5 ಮೀಟರ್ ಅಗಲ. ಕಲ್ಲಿದ್ದಲು, ಧಾನ್ಯ ಹೊರುತ್ತಿದ್ದ ಅವುಗಳಲ್ಲಿ ಎಷ್ಟೋ ಈಗ ಪ್ಯಾರಿಸ್‌ನಲ್ಲಿ ಮನೆಗಳಾಗಿವೆ. ಗೋವಾದ ಮಾಂಡೋವಿ, ಜುವಾರಿ ನದಿಗಳಲ್ಲಿ ಅದಿರು ಹೊರುವ ಬಾರ್ಜ್‌ಗಳು 2012ರಲ್ಲಿ ಗಣಿಗಾರಿಕೆ ನಿಂತಾಗ ಖಾಲಿ ನಿಂತವು. ಖಾಲಿ ನಿಂತರೂ ಬಾರ್ಜ್ ಬಾರ್ಜೇ.

ನಮ್ಮಲ್ಲಿ ಇನ್ನೊಂದು ತಮಾಷೆ. ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರು ದಾಟಿಸುತ್ತಿದ್ದದ್ದನ್ನು ಎಲ್ಲರೂ ‘ಲಾಂಚ್’ ಅಂತಲೇ ಕರೆದದ್ದು. ಇಂಗ್ಲಿಷಿನಲ್ಲಿ ಲಾಂಚ್ ಅಂದರೆ ಚಿಕ್ಕ ಮೋಟಾರು ದೋಣಿ. ಇದರ ಮೇಲೆ ಬಸ್ಸೇ ಹತ್ತುತ್ತಿತ್ತು! ಕ್ಲೀನರ್ ‘ಬರ್ಲಿ, ಬರ್ಲಿ’ ಅನ್ನುತ್ತಾ ಬಸ್ಸನ್ನು ಅಂಚಿನವರೆಗೆ ತರುತ್ತಿದ್ದ. ನಾವು ಕಾರುಗಳ ನಡುವೆ ಡೀಸೆಲ್ ವಾಸನೆಯಲ್ಲಿ ಒತ್ತಿಕೊಂಡು ನಿಲ್ಲುತ್ತಿದ್ದೆವು. 2025ರ ಜುಲೈನಲ್ಲಿ ಸೇತುವೆ ಆಯಿತು. ರೂಪ ನೋಡಿದರೆ ಆ ಲಾಂಚ್ ಬಾರ್ಜ್‌ಗೇ ಹತ್ತಿರ. ಆದರೆ ‘ಸಿಗಂದೂರು ಬಾರ್ಜ್’ ಅಂದರೆ ಸಾಗರದ ಕಡೆಯವರು ನಕ್ಕಾರು.

ಇಂಥದ್ದಕ್ಕೇ ಕೇರಳದಲ್ಲಿ ‘ಜಂಗಾರ್’ ಅನ್ನುತ್ತಾರೆ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು. ಇದರ ಪಯಣ ಸೊಗಸಾಗಿದೆ. ಸಂಸ್ಕೃತದ ‘ಸಂಘಾಟ’ ಮಲಯಾಳದಲ್ಲಿ ‘ಚಙ್ಙಾಡಂ’ ಆಯಿತು. ಪೋರ್ಚುಗೀಸರು ಅದನ್ನು ‘ಜಂಗಾಡ’ ಮಾಡಿ ಬ್ರೆಜಿಲ್‌ವರೆಗೂ ಒಯ್ದರು. ಅಲ್ಲಿ ಮೀನುಗಾರರ ತೆಪ್ಪಕ್ಕೆ ಇವತ್ತಿಗೂ ಅದೇ ಹೆಸರು.

ಈಗ ನನ್ನ ಪ್ರಶ್ನೆಗಳು. ನೇತ್ರಾವತಿ, ಕಾಳಿ, ಅಘನಾಶಿನಿ ದಂಡೆಯವರು ಹೀಗೆ ಜೋಡಿಸಿದ ದೋಣಿಗೆ ಏನೆನ್ನುತ್ತೀರಿ? ನಮ್ಮ ‘ಸಂಗಡ’ಕ್ಕೂ ಈ ಸಂಘಾಟಕ್ಕೂ ನಂಟಿದೆಯಾ? ತಳದ ಆಕಾರ ಹೇಳುವ ಹಳೆಯ ಪದ ಯಾರಿಗಾದರೂ ನೆನಪಿದೆಯಾ? ‘ಚಪ್ಪಟೆದೋಣಿ’ ಅಂತ ಹೊಸದಾಗಿ ಕಟ್ಟಬಹುದು, ಆದರೆ ಬಾಯಿಗೆ ಹತ್ತುತ್ತಿಲ್ಲ. ಹರಿಗೋಲು, ತೆಪ್ಪ ಬೇಡ, ಅವು ಬೇರೆಯೇ. ಯಾವುದೂ ಸಿಗದಿದ್ದರೆ ‘ಬಾರ್ಜ್’ ಅಂತಲೇ ಉಳಿಸುತ್ತೇನೆ.

ಇನ್ನೊಂದು: ಎಂಜಿನ್ ಇಲ್ಲದ, ಬೇರೆ ದೋಣಿಯಿಂದ ಎಳೆಸಿಕೊಳ್ಳಬೇಕಾದ ‘ಡಂಬ್ ಬಾರ್ಜ್’ಗೆ ‘ಮೂಕ ದೋಣಿ’ ಅನ್ನೋದು ಬಿಟ್ಟು ಬೇರೇನಾದರೂ ಹೇಳಿ, ದಯವಿಟ್ಟು.