ಸಹಾಯ ಬೇಕು: ಮೊಬೈಲ್‌ನಲ್ಲಿ ಮಕ್ಕಳನ್ನು ಕಾಡಿಸುವುದರ ವಿರುದ್ಧ ಶಾಲೆಗೆ ಲಿಖಿತ ನಿಯಮ

ಎಲ್ಲರಿಗೂ ನಮಸ್ಕಾರ್ರಿ. ನಾನು ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕಿನವನು. ನಮ್ಮೂರ ಸರ್ಕಾರಿ ಹೈಸ್ಕೂಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ.

ಹುಡುಗಿಯೊಬ್ಬಳ ಫೋಟೊವನ್ನು ಕ್ಲಾಸಿನವರೇ ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿದ್ದಾರೆ. ಕೆಳಗೆ ಒಂದು ಅಡ್ಡಹೆಸರು ಬೇರೆ. ಹೋಂವರ್ಕ್ ಕೇಳೋಕೆ ಅಂತ ಮಾಡಿದ್ದ ಗ್ರೂಪ್ ಅದು! ಈಗ ಹುಡುಗಿ ಶಾಲೆಗೇ ಬರುತ್ತಿಲ್ಲ. "ಮೊಬೈಲ್ ಮನೆಯದು, ನಡೆದದ್ದು ರಾತ್ರಿ, ಶಾಲೆ ಏನು ಮಾಡಬೇಕ್ರಿ?" ಅಂತಾರೆ ಶಾಲೆಯ ಸರ್. ಆದರೆ ಬೆಳಿಗ್ಗೆ ಎಲ್ಲರೂ ನಗುವುದು ಕ್ಲಾಸಿನಲ್ಲೇ ಅಲ್ವಾ?

ಮಕ್ಕಳ ಸಹಾಯವಾಣಿ 1098 ಗೊತ್ತು, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಯೂ ಗೊತ್ತು. ಅಶ್ಲೀಲ ಫೋಟೊ ಆಗಿದ್ದರೆ ಪೋಕ್ಸೊ, ಐಟಿ ಕಾಯ್ದೆಯ 67ಬಿ ಇವೆ, ಸುಮ್ನೆ ಕೂರುತ್ತಿರಲಿಲ್ಲ. ಇದು ಆ ಮಟ್ಟದ್ದಲ್ಲ. ಮನೆಯವರಿಗೂ ಠಾಣೆ ಬೇಡ. ಮಾಡಿದವರೂ ಮಕ್ಕಳೇ, ಟಿಸಿ ಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಶಾಲೆಯಲ್ಲಿ ಇದಕ್ಕೆ ಕನ್ನಡದಲ್ಲಿ ಬರೆದ ನಿಯಮ ಇದ್ದರೆ ಒಂದು ಪ್ರತಿ ಕಳಿಸುತ್ತೀರಾ? ದೂರು ಯಾವ ಟೀಚರ್‌ಗೆ ಕೊಡಬೇಕು, ಎಷ್ಟು ದಿನದೊಳಗೆ ಪಾಲಕರನ್ನು ಕರೆಸಬೇಕು, ಸ್ಕ್ರೀನ್‌ಶಾಟ್ ಯಾರ ಹತ್ತಿರ ಇರಬೇಕು, ಇಂಥವು ಅದರಲ್ಲಿದ್ದರೆ ಸಾಕು. ಶಿಕ್ಷಣ ಇಲಾಖೆಯ ಸುತ್ತೋಲೆ ಯಾರ ಬಳಿಯಾದರೂ ಇದ್ದರೆ ಇನ್ನೂ ಒಳ್ಳೆಯದು. ಬಿಇಒ, ಡಿಡಿಪಿಐ ಕಚೇರಿಗೆ ಅದನ್ನೇ ಲಗತ್ತಿಸಿ ಎಲ್ಲ ಶಾಲೆಗೂ ನಿಯಮ ಬರಲಿ ಅಂತ ಕೇಳುತ್ತೇವೆ. ಕಲಬುರಗಿ, ಬೀದರ್ ಕಡೆಯ ಟೀಚರ್‌ಗಳು ದಯವಿಟ್ಟು ಹೇಳಿ.

ಹುಡುಗಿಯ ಹೆಸರು, ಊರು ಕೇಳಬೇಡಿ. ಆ ಸ್ಟಿಕ್ಕರ್ ಅಂತೂ ಕೇಳಲೇಬೇಡಿ.