ಫ್ರೈಡ್ ಚಿಕನ್ ಟ್ರಕ್: ಪಾರ್ಸೆಲ್ ಬಿಚ್ಚೋ ಹೊತ್ತಿಗೆ ಕೋಟಿಂಗ್ ಮೆತ್ತಗಾಗುತ್ತೆ, ಎಲ್ಲಿ ತಪ್ತಿದೆ?

ರಿಂಗ್‌ರೋಡ್_ಸಂಜೆ:
ಮೈಸೂರಲ್ಲಿ ಸಂಜೆ ಹೊತ್ತು ಟ್ರಕ್. 8 ಲೀಟರಿನ ಗ್ಯಾಸ್ ಫ್ರೈಯರ್ ಒಂದೇ ಇರೋದು. ಮೂಳೆ ಸಮೇತ ಪೀಸು, ಒಂದು ಕೋಳಿಗೆ 8. ರಾತ್ರಿ ಮಜ್ಜಿಗೇಲಿ ನೆನೆಸಿ, ಖಾರದಪುಡಿ ಬೆರೆಸಿದ ಮೈದಾದಲ್ಲಿ ಹೊರಳಿಸಿ, 180 ಡಿಗ್ರಿಗೆ 12 ಪೀಸ್ ಒಟ್ಟಿಗೆ ಬಿಡ್ತೀವಿ. ಹೊರಗೆ ಕಂದು, ಮೂಳೆ ಹತ್ರ ಕೆಂಪು. ಪಾರ್ಸೆಲ್ ಕಟ್ಟಿದ 10 ನಿಮಿಷಕ್ಕೆ ಮೆತ್ತಗೆ, ಸಾಸ್ ಕಲಸಿದ್ರೆ ಇನ್ನೂ ಬೇಗ. ಎಣ್ಣೆ ಎರಡನೇ ದಿನಕ್ಕೇ ಕಪ್ಪು. ಹಿಟ್ಟಿನ ಅಳತೆ ಬದಲಾಯಿಸಬೇಕಾ?

ಜಾಲರಿ_ಸೌಟು:
ಹಿಟ್ಟಿನ ತಂಟೆಗೆ ಆಮೇಲೆ ಹೋಗೋಣ. ಮೊದಲು ಶಾಖ ನೋಡಿ. ಫ್ರಿಜ್ಜಿಂದ ತೆಗೆದ 12 ಪೀಸ್ ಒಟ್ಟಿಗೆ ಬಿದ್ರೆ ಎಣ್ಣೆ ತಣ್ಣಗಾಗುತ್ತೆ, ಸಣ್ಣ ಬರ್ನರ್‌ಗೆ ಅದನ್ನ ಮತ್ತೆ ಏರಿಸೋ ಶಕ್ತಿ ಇರಲ್ಲ. ಕೋಟಿಂಗ್ ಎಣ್ಣೆ ಕುಡಿಯುತ್ತೆ. ಗಟ್ಟಿಯಾಗೋದು ತಡವಾಗುತ್ತೆ. 6 ಪೀಸ್ ಸಾಕು. 170ಕ್ಕೆ ಬಿಡಿ, 155ರ ಆಸುಪಾಸು ನಿಲ್ಲೋ ಹಾಗೆ ಉರಿ ಇಡಿ. ತೊಡೆ, ಕಾಲಿಗೆ 13–15 ನಿಮಿಷ ಹಿಡಿಯುತ್ತೆ, ಎದೆ ಪೀಸನ್ನ ಎರಡು ಮಾಡಿದ್ರೆ ಬೇಗ ಆಗುತ್ತೆ. ಫ್ರೈಯರ್ ಗುಂಡಿ ಮೇಲಿನ ಅಂಕಿ ನಂಬಬೇಡಿ, ಕಡ್ಡಿ ಥರ್ಮಾಮೀಟರ್ ತಗೊಳ್ಳಿ.

ಮೂಳೆ ಹತ್ರದ ಕೆಂಪು ಯಾವಾಗಲೂ ಹಸಿ ಅಂತಲ್ಲ. ಬ್ರಾಯ್ಲರ್ ಕೋಳಿ ಎಳೇದು, ಮೂಳೆ ಒಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿಯುತ್ತೆ. ಫ್ರೀಜ್ ಮಾಡಿದ ಮಾಂಸದಲ್ಲಿ ಇನ್ನೂ ಜಾಸ್ತಿ. ಮೂಳೆಗೆ ತಾಗದ ಹಾಗೆ ಕಡ್ಡಿ ಚುಚ್ಚಿ, 74 ಡಿಗ್ರಿ ತೋರಿಸಿದ್ರೆ ಬೆಂದಿದೆ.

ಈಗ ಹಿಟ್ಟು. 1 ಕೆಜಿ ಮೈದಾ, 300 ಗ್ರಾಂ ಕಾರ್ನ್‌ಫ್ಲೋರ್, 10 ಗ್ರಾಂ ಬೇಕಿಂಗ್ ಪೌಡರ್. ಉಪ್ಪು-ಖಾರ ಇದಕ್ಕೆ ಬೇಡ, ಮಜ್ಜಿಗೆಗೆ ಹಾಕಿ: 1 ಕೆಜಿ ಚಿಕನ್, ಅರ್ಧ ಲೀಟರ್ ಮಜ್ಜಿಗೆ, 20 ಗ್ರಾಂ ಉಪ್ಪು, ಫ್ರಿಜ್ಜಲ್ಲಿ 6–8 ಗಂಟೆ. ಹುಳಿ ಜಾಸ್ತಿ ಇರೋ ಮಜ್ಜಿಗೆ ಬೇಡ, ಮಾಂಸದ ಮೇಲ್ಮೈ ಲೊಳಲೊಳ ಆಗುತ್ತೆ. ಹೊರಳಿಸಿದ ಮೇಲೆ ಜಾಲರಿ ಮೇಲೆ 15 ನಿಮಿಷ ಬಿಡಿ. ಹಿಟ್ಟು ಒದ್ದೆಯಾಗಿ ಕಚ್ಚಿಕೊಳ್ಳುತ್ತೆ. ಇಲ್ಲಾಂದ್ರೆ ಒಣಹಿಟ್ಟೆಲ್ಲ ಎಣ್ಣೆಗುದುರಿ ತಳದಲ್ಲಿ ಸೀಯುತ್ತೆ. ನಿಮ್ಮ ಎಣ್ಣೆ ಕಪ್ಪಾಗೋಕೆ ಇದೂ ಆ ಖಾರದಪುಡಿನೂ ಕಾರಣ.

ಬ್ಯಾಡಗಿ_ಬೆಳ್ಳುಳ್ಳಿ:
ಮೇಲಿನವರು ಹೇಳಿದ್ದು ಸರಿ. ಆದ್ರೆ ಒಂದೊಂದು ಆರ್ಡರಿಗೂ 15 ನಿಮಿಷ ಯಾರು ನಿಲ್ತಾರೆ? ಕೊರಿಯಾದವರ ಥರ ಎರಡು ಸಲ ಕರೀರಿ: ಮೊದಲು 155ರಲ್ಲಿ ಪೂರ್ತಿ ಬೇಯಿಸಿ, ಆರ್ಡರ್ ಬಂದಾಗ 185ರಲ್ಲಿ 2 ನಿಮಿಷ. ಅರ್ಧ ಬೇಯಿಸಿ ಹೊರಗಿಡೋದು ಮಾತ್ರ ಬೇಡವೇ ಬೇಡ. ಬೆಂದಿದ್ದನ್ನೂ 60 ಡಿಗ್ರಿಗಿಂತ ಮೇಲೇ ಬಿಸಿಯಾಗಿಡಬೇಕು.

ಸಾಸ್: ನೀವು ಕಾರ್ನ್‌ಫ್ಲೋರ್ ಕದಡಿ ಗಟ್ಟಿ ಮಾಡ್ತೀರಾ ಅನ್ಸುತ್ತೆ. ಅದರಲ್ಲಿ ನೀರೇ ಜಾಸ್ತಿ, ಆ ನೀರು ಕೋಟಿಂಗ್‌ಗೆ ಇಳಿಯುತ್ತೆ. 20 ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿ, 60 ಗ್ರಾಂ ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ. 100 ಮಿಲಿ ಎಣ್ಣೇಲಿ ಎಣ್ಣೆ ಬಿಡೋವರೆಗೆ ಹುರೀರಿ. ಮೆಣಸಿನಕಾಯಿ ಬಣ್ಣ ಎಣ್ಣೇಲಿ ಕರಗೋದು, ಇಲ್ಲಿ ಅವಸರ ಮಾಡಿದ್ರೆ ಮಂಕಾಗುತ್ತೆ. ಆಮೇಲೆ 150 ಗ್ರಾಂ ಬೆಲ್ಲ, 60 ಮಿಲಿ ವಿನೆಗರ್, ಉಪ್ಪು. ಸೌಟಿನ ಬೆನ್ನಿಗೆ ಅಂಟೋವರೆಗೆ ಕುದಿಸಿ. ಬಿಸಿ ಚಿಕನ್‌ಗೆ ಬಿಸಿ ಸಾಸ್, ಅಲ್ಲೇ ತಿನ್ನೋರಿಗೆ ಮಾತ್ರ. ಪಾರ್ಸೆಲ್‌ಗೆ ಬೇರೆ ಡಬ್ಬಿ.

ಕೆಂಪಿಗೆ ಪುಡಿ ಬಣ್ಣ ಹಾಕೋ ಯೋಚನೆ ಇದ್ರೆ ಬಿಡಿ, 2024ರ ಜೂನ್‌ನಿಂದ ಕರ್ನಾಟಕದಲ್ಲಿ ಕಬಾಬಿಗೆ ಕೃತಕ ಬಣ್ಣ ನಿಷೇಧ. ಜೈಲು, ದಂಡ ಎರಡೂ ಇದೆ.

ರಿಂಗ್‌ರೋಡ್_ಸಂಜೆ:
ಕಾರ್ನ್‌ಫ್ಲೋರೇ ಹಾಕ್ತಿರೋದು, ಹೌದು. ಡಬ್ಬಿ ಪ್ಲಾಸ್ಟಿಕ್ಕು, ಮುಚ್ಚಳ ಬಿಗಿ. ಮೊಟ್ಟೆ ಮೇಯೊ ಕೊಡಬಹುದಾ? ಎಣ್ಣೆ ಎಷ್ಟು ದಿನ ಇಡಬಹುದು?

ಜಾಲರಿ_ಸೌಟು:
ಮುಚ್ಚಳ ಬಿಗಿ ಅಂದ್ರೆ ಮೆತ್ತಗಾಗೋಕೆ ಬೇರೆ ಕಾರಣವೇ ಬೇಡ, ಹಬೆಯೆಲ್ಲ ಒಳಗೇ ನೀರಾಗುತ್ತೆ. ಜಾಲರಿ ಮೇಲೆ 3–4 ನಿಮಿಷ ಆರಿಸಿ, ತೂತಿರೋ ಕಾಗದದ ಡಬ್ಬಿಗೆ ಹಾಕಿ. ಟಿಶ್ಯೂ ಮೇಲೆ ಗುಡ್ಡೆ ಹಾಕಿದ್ರೆ ಅಡಿಭಾಗ ಬೆವರುತ್ತೆ.

ಎಣ್ಣೆಗೆ ದಿನದ ಲೆಕ್ಕ ಇಲ್ಲ. ಆಹಾರ ಸುರಕ್ಷತೆ ನೋಡೋ ಕೇಂದ್ರದ ಎಫ್ಎಸ್ಎಸ್ಎಐ ಪ್ರಕಾರ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟೋ ಅಂಶಗಳು) 25% ದಾಟಿದ್ರೆ ಬಳಸೋ ಹಾಗಿಲ್ಲ, ಅಳೆಯೋಕೆ ಮೀಟರ್ ಸಿಗುತ್ತೆ. ಮೀಟರ್ ಇಲ್ಲದಿದ್ರೆ ಚಿಕನ್ ತೆಗೆದ ಮೇಲೂ ಸಣ್ಣ ನೊರೆ ಇಳೀದೆ ನಿಂತ್ರೆ, 170ಕ್ಕೂ ಮುಂಚೆ ಹೊಗೆಯಾಡಿದ್ರೆ ಚೆಲ್ಲೋ ಎಣ್ಣೆ ಅದು. ಹಾಳಾದ ಎಣ್ಣೆಗೆ ಹೊಸದು ಸುರಿದ್ರೆ ಹೊಸದೂ ಬೇಗ ಕೆಡುತ್ತೆ. ಪ್ರತಿ ಸಲ ಚೂರು ತೆಗೀರಿ, ಗಿರಾಕಿ ಇಲ್ಲದಾಗ 120ಕ್ಕೆ ಇಳಿಸಿ, ರಾತ್ರಿ ಎಣ್ಣೆ ತಣಿದ ಮೇಲೆ ಬಟ್ಟೇಲಿ ಸೋಸಿ ಮುಚ್ಚಿಡಿ.

ಬ್ಯಾಡಗಿ_ಬೆಳ್ಳುಳ್ಳಿ:
ಹಸಿ ಮೊಟ್ಟೆ ಮೇಯೊ ಬೇಡ. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯಕ್ಕೆ 2023ರಲ್ಲಿ ಕೇರಳ, 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ನಿಷೇಧ ಹಾಕಿದ್ವು. ತಣ್ಣನೆ ಹಾಲು 100 ಮಿಲಿ, ಸೂರ್ಯಕಾಂತಿ ಎಣ್ಣೆ 200 ಮಿಲಿ, 3 ಎಸಳು ಬೆಳ್ಳುಳ್ಳಿ, ಉಪ್ಪು. ಹ್ಯಾಂಡ್ ಬ್ಲೆಂಡರ್ ತಳಕ್ಕೆ ಒತ್ತಿ ಹಿಡಿದು ಶುರು ಮಾಡಿ, ಬೆಳ್ಳಗಾದ ಮೇಲೆ ನಿಧಾನಕ್ಕೆ ಮೇಲೆತ್ತಿ. ವಿನೆಗರ್ ಕೊನೆಗೆ ಒಂದು ಚಮಚ, ಮೊದಲೇ ಹಾಕಿದ್ರೆ ಹಾಲು ಒಡೆಯುತ್ತೆ. ಐಸ್ ಬಾಕ್ಸಲ್ಲಿಟ್ಟು ಅವತ್ತೇ ಮುಗಿಸಿ.